ಕಪ್ಪಾದ ಪ್ಲಗ್: ತೊಳೆದು ಹಾಕೋದಾ, ಹೊಸದು ತರೋದಾ?

ಕಬ್ಬಿನ ಬದುವಿನಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮಷಿನ್ ನಿಂತುಬಿಡುತ್ತದೆ. ಹಗ್ಗ ಎಳೆದೆಳೆದು ರಟ್ಟೆ ಸೋಲುತ್ತದೆ. ಪಕ್ಕದ ಹೊಲದವರು ಬಂದು ನೋಡಿ "ಪ್ಲಗ್ ಹೋಗೇದ್ರಿ, ಹೊಸಾದು ತರಸ್ರಿ" ಅನ್ನುತ್ತಾರೆ. ಅವರ ಹಿಂದೆ ಬಂದ ಇನ್ನೊಬ್ಬರು "ಏನೂ ಹೋಗಿಲ್ರಿ ಕಾಕಾ, ಪೆಟ್ರೋಲ್‌ನ್ಯಾಗ ತೊಳದು ಹಾಕ್ರಿ" ಅನ್ನುತ್ತಾರೆ. ಇಬ್ಬರ ಮಾತೂ ಒಂದೊಂದು ಸಲ ಸರಿ. ಈ ಸಲ ಯಾರದ್ದು ಸರಿ ಅನ್ನೋದನ್ನು ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡದೆ ಹೇಳಲು ಬರುವುದಿಲ್ಲ.

ನಮ್ಮ ಕಡೆ ಈಗ ಸಣ್ಣ ಎಂಜಿನ್ ಇಲ್ಲದ ಹೊಲವೇ ಕಡಿಮೆ. ಜಮಖಂಡಿ, ಮುಧೋಳದ ಕಬ್ಬಿನ ಹೊಲಗಳಲ್ಲಿ ಹುಲ್ಲು ಕತ್ತರಿಸುವ ಬ್ರಷ್ ಕಟರ್ ಮತ್ತು ಕಳೆ ತೆಗೆಯುವ ಪವರ್ ವೀಡರ್. ತಿಕೋಟಾ ಕಡೆಯ ದ್ರಾಕ್ಷಿ, ಇಂಡಿಯ ನಿಂಬೆ ತೋಟಗಳಲ್ಲಿ ಎಣ್ಣೆ (ಕೀಟನಾಶಕ) ಹೊಡೆಯುವ ಪಂಪು. ಅಂಗಡಿ ಮುಂದೆ ಪೆಟ್ರೋಲ್ ಜನರೇಟರ್. ಇವೆಲ್ಲದರ ಪ್ಲಗ್ ಒಂದೇ ಕೆಲಸ ಮಾಡುತ್ತದೆ: ಸಿಲಿಂಡರ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವುದು. ಆದರೆ ಕೆಡುವ ರೀತಿ ಬೇರೆ ಬೇರೆ. ಹಾಗಾಗಿ ತೊಳೆಯುವುದೋ ಬದಲಿಸುವುದೋ ಅನ್ನುವ ತೀರ್ಮಾನವೂ ಬೇರೆಯಾಗುತ್ತದೆ.

ನನ್ನ ಮಾತು ಇಷ್ಟೇ. ಪೆಟ್ರೋಲ್‌ನಿಂದ ತೊಯ್ದ ಪ್ಲಗ್ ಒರೆಸಿ ಹಾಕಿ. ಒಣ ಮಸಿ ಹಿಡಿದಿದ್ದರೆ ಒಮ್ಮೆ ಸ್ವಚ್ಛ ಮಾಡಿ ನೋಡಿ. ಎಣ್ಣೆ ಜಿಡ್ಡು ಸುಟ್ಟು ಅಂಟಿದ್ದರೆ ಹೊಸದು ಹಾಕಿ, ಆದರೆ ಎಣ್ಣೆ ಎಲ್ಲಿಂದ ಬಂತು ಅಂತ ಮೊದಲು ಹುಡುಕಿ. ಪಿಂಗಾಣಿ ಸೀಳಿದ್ದರೆ, ತುದಿ ಸವೆದಿದ್ದರೆ ಯೋಚನೆಯೇ ಬೇಡ, ಹೊಸದು. ಮತ್ತು ಯಾವ ದಾರಿ ಹಿಡಿದರೂ ಮಷಿನ್ ಜೊತೆ ಒಂದು ಹೊಸ ಪ್ಲಗ್ ಯಾವಾಗಲೂ ಇರಲಿ. ಸಾಮಾನ್ಯ ಪ್ಲಗ್ ಇವತ್ತಿಗೂ ಒಂದು ಆಳಿನ ಅರ್ಧ ದಿನದ ಕೂಲಿಗಿಂತ ಅಗ್ಗ.

ಮೊದಲು ತುದಿ ನೋಡಿ

ಎಂಜಿನ್ ತಣ್ಣಗಾಗಲಿ. ಬಿಸಿ ಇರುವಾಗ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಕೊಂಡು ಬರಬಹುದು. ಪ್ಲಗ್ ಸುತ್ತಲಿನ ಧೂಳು, ಕಸ ಬ್ರಷ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಹೊರಬಂದ ಕೂಡಲೇ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಕ್ಯಾಪ್ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಮಷಿನ್ ಜೊತೆ ಬಂದ ಪ್ಲಗ್ ಪಾನಾ (ಸ್ಪ್ಯಾನರ್) ಇದ್ದರೆ ಅದೇ ಒಳ್ಳೆಯದು. ಓರೆಯಾಗಿ ಕೂತ ಪಾನಾ ಮೊದಲು ಒಡೆಯುವುದು ಪಿಂಗಾಣಿಯನ್ನೇ.

ಈಗ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ತುದಿ ನೋಡಿ. ನಡುವೆ ಒಂದು ಸಣ್ಣ ಕಡ್ಡಿ, ಅದರ ಸುತ್ತ ಪಿಂಗಾಣಿಯ ಮೂಗು, ಮೇಲೆ ಬಾಗಿ ನಿಂತ ಇನ್ನೊಂದು ಕೊಂಡಿ. ಕಿಡಿ ಹಾರಬೇಕಾದದ್ದು ಕಡ್ಡಿಗೂ ಕೊಂಡಿಗೂ ನಡುವಿನ ಸಂದಿಯಲ್ಲಿ. ಮೂಗು ಬೂದು ಅಥವಾ ತಿಳಿ ಕಂದು ಬಣ್ಣ ಇದ್ದರೆ ಪ್ಲಗ್ ಆರೋಗ್ಯವಾಗಿದೆ. ಎಂಜಿನ್ ಚಾಲೂ ಆಗದೇ ಇರಲು ಕಾರಣ ಬೇರೆ ಎಲ್ಲೋ ಇದೆ, ಪ್ಲಗ್ ಮೇಲೆ ಹಣ ಹಾಕಬೇಡಿ.

ಮೂಗಿನ ಮೇಲೆ ಕಪ್ಪು, ಒಣ, ಉಗುರಿನಿಂದ ಉಜ್ಜಿದರೆ ಉದುರುವ ಮಸಿ ಇದ್ದರೆ ಅದು ಕಾರ್ಬನ್. ಮಸಿಯೊಳಗೆ ವಿದ್ಯುತ್ ಹರಿಯುತ್ತದೆ. ಸಂದಿ ಹಾರಬೇಕಾದ ಕರೆಂಟು ಈ ಮಸಿಯ ಸುಲಭ ದಾರಿ ಹಿಡಿದು, ಪಿಂಗಾಣಿಯ ಮೇಲಿಂದ ಇಳಿದು ಪ್ಲಗ್ಗಿನ ಮೈ ಸೇರುತ್ತದೆ. ಮೆಕ್ಯಾನಿಕ್‌ಗಳು ಪ್ಲಗ್ ಶಾರ್ಟ್ ಆಗಿದೆ ಅನ್ನುವುದು ಇದಕ್ಕೇ. ಮೂಗು ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನೇ ಸುಟ್ಟುಹೋಗುತ್ತದೆ. ಗಾಳಿ ಫಿಲ್ಟರ್ ಕಟ್ಟಿದಾಗ, ಚೋಕ್ ಎಳೆದದ್ದು ಹಾಗೇ ಉಳಿದಾಗ, ಎಂಜಿನ್ ಬಹಳ ಹೊತ್ತು ಸುಮ್ನೆ ನಿಧಾನಕ್ಕೆ ಓಡಿದಾಗ, ಒಂದೋ ಮಸಿ ಜಾಸ್ತಿ ಆಗುತ್ತದೆ, ಇಲ್ಲವೋ ಮೂಗು ಅಷ್ಟು ಬಿಸಿಯೇ ಏರುವುದಿಲ್ಲ.

ಕಪ್ಪಗೆ ಹೊಳೆಯುವ, ಕೈಗೆ ಜಿಡ್ಡು ಹತ್ತುವ ಪದರ ಇದ್ದರೆ ಅದು ಎಣ್ಣೆ. ಪೆಟ್ರೋಲ್ ವಾಸನೆ, ತೇವ, ಆದರೆ ಕೆಳಗೆ ಪಿಂಗಾಣಿ ಶುಭ್ರವಾಗಿ ಕಾಣುತ್ತಿದ್ದರೆ ಎಂಜಿನ್ ಓವರ್‌ಫ್ಲೋ ಆಗಿದೆ ಅಷ್ಟೇ. ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಮಷಿನ್‌ಗಳಲ್ಲಿ ಇನ್ನೊಂದು ನೋಟ ಸಿಗುತ್ತದೆ. ಕಡ್ಡಿ ಮತ್ತು ಕೊಂಡಿಯ ನಡುವೆ ಕೂದಲೆಳೆಯಷ್ಟು ಸಣ್ಣ ಕಾರ್ಬನ್ ಎಳೆಯೊಂದು ಸೇತುವೆಯಂತೆ ಕೂತಿರುತ್ತದೆ. ಓಡುತ್ತಿದ್ದ ಎಂಜಿನ್ ಯಾವ ಸೂಚನೆಯೂ ಇಲ್ಲದೆ ಒಮ್ಮೆಗೇ ಬಂದ್ ಬಿದ್ದಿದ್ದರೆ ಇದನ್ನು ಹುಡುಕಿ. ಕಡ್ಡಿಪೆಟ್ಟಿಗೆಯ ರಟ್ಟನ್ನು ಸಂದಿಯಲ್ಲಿ ಆಡಿಸಿದರೆ ಬಿದ್ದುಹೋಗುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು.

ಕೊನೆಯದು ಸವೆತ. ಕಡ್ಡಿಯ ಅಂಚು ಚೂಪಾಗಿರಬೇಕು. ದುಂಡಗಾಗಿದ್ದರೆ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಅಂಥ ಪ್ಲಗ್ಗನ್ನು ಎಷ್ಟು ತೊಳೆದರೂ ಹಳೆಯದೇ.

ಹೊರಗೆ ಕಿಡಿ ಬಂದರೆ ಸಾಕೇ?

ಪ್ಲಗ್ಗನ್ನು ಹೆಡ್‌ಗೆ ತಾಗಿಸಿ ಹಗ್ಗ ಎಳೆದು, ನೀಲಿ ಕಿಡಿ ಕಂಡರೆ "ಕರೆಂಟ್ ಬರ್ತದ, ಪ್ಲಗ್ ಚಲೋ ಐತಿ" ಅಂದುಬಿಡುತ್ತೇವೆ. ಇದನ್ನು ಪೂರ್ತಿ ನಂಬಬೇಡಿ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಂಡಿರುತ್ತದೆ, ಅಲ್ಲಿ ಅದೇ ಸಂದಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಅರ್ಧ ಕೆಟ್ಟ ಪ್ಲಗ್ ಹೊರಗೆ ಚೆನ್ನಾಗಿ ಕಿಡಿ ಕೊಟ್ಟು ಒಳಗೆ ಸುಮ್ಮನಾಗಬಹುದು. ಹೊರಗೆ ಕಿಡಿ ಬರದಿದ್ದರೆ ಏನೋ ಕೆಟ್ಟಿದೆ ಅನ್ನುವುದು ಖಾತ್ರಿ. ಬಂದರೆ ಏನೂ ಖಾತ್ರಿ ಇಲ್ಲ.

ಈ ಪರೀಕ್ಷೆ ಮಾಡುವುದೇ ಆದರೆ ಪ್ಲಗ್ ತೂತಿನಿಂದ ದೂರ, ಎಂಜಿನ್ನಿನ ಬೇರೆ ಕಬ್ಬಿಣದ ಭಾಗಕ್ಕೆ ತಾಗಿಸಿ. ತೂತಿನಿಂದ ಪೆಟ್ರೋಲ್ ಹಬೆ ಬರುತ್ತಿರುತ್ತದೆ. ಕೆಳಗೆ ಒಣ ರವದಿ (ಕಬ್ಬಿನ ಗರಿ) ಹಾಸಿದ್ದರೆ ಮಷಿನ್ನನ್ನು ಅಲ್ಲಿಂದ ಎತ್ತಿ ಬಯಲಿಗೆ ತನ್ನಿ. ಒಂದು ಕಿಡಿ ಸಾಕು, ಕಬ್ಬಿನ ಫಡವೇ ಸುಟ್ಟುಹೋಗುತ್ತದೆ.

ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಅದು ಇನ್ನೂ ಒಳ್ಳೆಯ ಸಾಕ್ಷಿ. ಮೀಟರನ್ನು ಅದರ ಅತಿ ದೊಡ್ಡ ರೆಸಿಸ್ಟೆನ್ಸ್ ರೇಂಜಿಗೆ ಇಡಿ. ಒಂದು ತುದಿ ಕ್ಯಾಪ್ ಕೂರುವ ಜಾಗಕ್ಕೆ, ಇನ್ನೊಂದು ಥ್ರೆಡ್‌ಗೆ. ಒಳ್ಳೆಯ ಪ್ಲಗ್‌ನಲ್ಲಿ ಏನೂ ತೋರಿಸಬಾರದು. ಯಾವುದೋ ಸಂಖ್ಯೆ ತೋರಿಸಿತು ಅಂದರೆ ಕರೆಂಟು ಮಸಿಯ ಮೂಲಕ ಸೋರುತ್ತಿದೆ. ತೊಳೆದು ಒಣಗಿಸಿದ ಮೇಲೆ ಮತ್ತೆ ಹಿಡಿಯಿರಿ. ಆಗಲೂ ತೋರಿಸಿದರೆ ಆ ಪ್ಲಗ್ಗಿಗೆ ಇನ್ನು ಹೊತ್ತು ಹಾಕಬೇಡಿ.

ಸ್ವಚ್ಛ ಮಾಡುವ ದಾರಿಗಳಲ್ಲಿ ಯಾವುದು ಒಳ್ಳೆಯದು?

ನನಗೆ ಒಪ್ಪಿಗೆ ಇರುವುದು ಒಂದೇ. ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ, ಮೂಗಿನ ಸುತ್ತಲಿನ ಆಳದಲ್ಲಿ ಕೂತ ಮಸಿಗೆ ಒಂದು ಬಿದಿರಿನ ಕಡ್ಡಿ. ಸ್ಪ್ರೇ ಇಲ್ಲದಿದ್ದರೆ ಪೆಟ್ರೋಲ್ ಆದೀತು, ಬೀಡಿ ಒಲೆಗಳಿಂದ ದೂರ. ಕಪ್ಪು ನೀರು ಬರುವುದು ನಿಲ್ಲುವವರೆಗೆ ತೊಳೆಯಿರಿ. ಆಮೇಲೆ ಗಾಳಿ ಹೊಡೆಯಿರಿ, ಇಲ್ಲವೇ ಬಿಸಿಲಲ್ಲಿ ಪೂರ್ತಿ ಒಣಗಲು ಬಿಡಿ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಇದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಖಾನಾಪುರದ ಆಷಾಢದಲ್ಲಿ ಗಾಳಿ ಹೊಡೆಯದೆ ಆಗುವುದಿಲ್ಲ.

ಕಬ್ಬಿಣದ ತಂತಿ ಬ್ರಷ್ ಬಹಳ ಜನ ಬಳಸುತ್ತಾರೆ. ಥ್ರೆಡ್ ಸ್ವಚ್ಛ ಮಾಡಲು ಅದು ಸರಿ. ಆದರೆ ಪಿಂಗಾಣಿಯ ಮೇಲೆ ಉಜ್ಜಿದರೆ ಅದರ ಲೋಹ ಗೀರುಗೀರಾಗಿ ಪಿಂಗಾಣಿಗೆ ಅಂಟುತ್ತದೆ. ಮಸಿ ತೆಗೆದು ಅದೇ ಜಾಗದಲ್ಲಿ ಲೋಹದ ದಾರಿ ಹಾಕಿಕೊಟ್ಟಂತೆ. ಲೋಹ ಸುಟ್ಟುಹೋಗುವುದೂ ಇಲ್ಲ. ಪಾಲಿಶ್ ಪೇಪರ್ ಕೂಡ ಪಿಂಗಾಣಿಗೆ ಬೇಡ. ಗೀರು ಬಿದ್ದ ಮೈಗೆ ಮಸಿ ಇನ್ನೂ ಬೇಗ ಹಿಡಿಯುತ್ತದೆ. ಕಡ್ಡಿಯ ತುದಿ ಮಾತ್ರ ಸಣ್ಣ ಅರದಿಂದ ಒಮ್ಮೆ ಸಪಾಟು ಮಾಡಬಹುದು, ಅದೂ ಸಾಮಾನ್ಯ ಪ್ಲಗ್ ಆಗಿದ್ದರೆ. ಇರಿಡಿಯಂ ಪ್ಲಗ್‌ನ ಕಡ್ಡಿ ಸೂಜಿಯಂತೆ ತೆಳ್ಳಗೆ ಇರುತ್ತದೆ, ಅದಕ್ಕೆ ಬ್ರಷ್ಷೂ ತಾಗಿಸಬಾರದು.

ಕೆಲವು ಗ್ಯಾರೇಜ್‌ಗಳಲ್ಲಿ ಮರಳು ಹೊಡೆದು ಪ್ಲಗ್ ಬೆಳ್ಳಗೆ ಮಾಡುವ ಯಂತ್ರ ಇದೆ. ಹೊರಬಂದ ಪ್ಲಗ್ ನೋಡಲು ಹೊಚ್ಚ ಹೊಸದು. ನನಗೆ ಇದರ ಮೇಲೆ ನಂಬಿಕೆ ಇಲ್ಲ. ಪಿಂಗಾಣಿಗೂ ಉಕ್ಕಿನ ಮೈಗೂ ನಡುವಿನ ಆಳವಾದ ಸಂದಿಯಲ್ಲಿ ಮರಳಿನ ಕಣ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಬಿಸಿಯಾದಾಗ ಅದು ಸಿಲಿಂಡರ್‌ಗೆ ಉದುರಿ, ಪಿಸ್ಟನ್ ಮತ್ತು ರಿಂಗನ್ನು ಉಜ್ಜುತ್ತದೆ. ಸಣ್ಣ ಎಂಜಿನ್ ತಯಾರಕರಲ್ಲಿ ಬ್ರಿಗ್ಸ್ ಆಂಡ್ ಸ್ಟ್ರಾಟನ್‌ನಂಥವರು ಮರಳು ಹೊಡೆಸಬೇಡಿ ಅಂತಲೇ ಹೇಳುತ್ತಾರೆ. ಅಗ್ಗದ ಪ್ಲಗ್ ಉಳಿಸಲು ಹೋಗಿ ಸಿಲಿಂಡರ್ ಬೋರ್ ಕೆಲಸಕ್ಕೆ ದುಡ್ಡು ಕೊಡುವುದು ಬೇಡ.

ಇನ್ನು ಒಲೆಯ ಮೇಲೆ ಕಾಯಿಸುವುದು, ಪೆಟ್ರೋಲ್ ಸುರಿದು ಕಡ್ಡಿ ಗೀರುವುದು. ಮಸಿ ಸುಡುತ್ತದೆ, ನಿಜ. ಮೈಯೆಲ್ಲ ಒಂದೇ ಸಮ ಕಾಯುವುದಿಲ್ಲ, ಕಾದದ್ದನ್ನು ಅವಸರಕ್ಕೆ ನೀರಿಗೆ ಹಾಕಿದರೆ ಪಿಂಗಾಣಿ ಸೀಳುತ್ತದೆ. ಆ ಸೀಳು ಕಣ್ಣಿಗೆ ಕಾಣುವುದೂ ಇಲ್ಲ. ಹೊಲದಲ್ಲಿ ಟ್ಯಾಂಕ್ ಪಕ್ಕ ಕೂತು ಈ ಕೆಲಸ ಮಾಡುವುದನ್ನು ನೋಡಿದರೆ ನನಗೆ ಭಯವೇ ಆಗುತ್ತದೆ. ದಯವಿಟ್ಟು ಬಿಟ್ಟುಬಿಡಿ.

ಯಾವ ಮಷಿನ್‌ಗೆ ಯಾವ ತೀರ್ಮಾನ

ಬ್ರಷ್ ಕಟರ್, ಎಣ್ಣೆ ಹೊಡೆಯುವ ಟೂ ಸ್ಟ್ರೋಕ್ ಪಂಪು: ಇಲ್ಲಿ ನಾನು ಹೊಸ ಪ್ಲಗ್ ಪರ. ಎಣ್ಣೆ ಬೆರೆತ ಪೆಟ್ರೋಲ್ ಸುಡುವ ಎಂಜಿನ್ ಇದು, ಪದರ ಕೂರುವುದು ಸಹಜ. ಸ್ಟಿಲ್ ಕಂಪನಿ ತನ್ನ ಮಷಿನ್‌ಗಳಿಗೆ ಸುಮಾರು 100 ಗಂಟೆ ಓಡಿದ ಮೇಲೆ ಪ್ಲಗ್ ಬದಲಿಸಲು ಹೇಳುತ್ತದೆ. ಕಳೆ ಜೋರಾಗಿರುವ ಮಳೆಗಾಲದಲ್ಲಿ 100 ಗಂಟೆ ಬೇಗ ಮುಗಿಯುತ್ತದೆ. ಆದರೆ ಅದಕ್ಕಿಂತ ಮೊದಲೇ ಮತ್ತೆ ಮತ್ತೆ ಜಿಡ್ಡು ಹಿಡಿಯುತ್ತಿದ್ದರೆ ನಿಮ್ಮ ಮಿಶ್ರಣ ನೋಡಿ. 50ಕ್ಕೆ 1 ಅಂದರೆ 1 ಲೀಟರ್ ಪೆಟ್ರೋಲ್‌ಗೆ 20 ಮಿ.ಲೀ. ಆಯಿಲ್. 25ಕ್ಕೆ 1 ಅಂದರೆ 40 ಮಿ.ಲೀ. ಬಾಟಲಿಯ ಮುಚ್ಚಳದಿಂದ ಅಂದಾಜಿಗೆ ಸುರಿದು, ಮೇಲೆ "ಇರಲಿ" ಅಂತ ಇನ್ನೊಂದು ಹನಿ ಹಾಕುವ ರೂಢಿ ನಮ್ಮಲ್ಲಿ ಬಹಳ. ಆ "ಇರಲಿ" ಪ್ಲಗ್ ಮೇಲೆ ಬಂದು ಕೂರುತ್ತದೆ. ಔಷಧ ಅಂಗಡಿಯ ಹಳೆಯ ಸಿರಿಂಜ್ ಒಂದು ಸಾಕು, ಅಳತೆ ಖಚಿತ. ಆಯಿಲ್ ಕಡಿಮೆ ಮಾಡುವುದೂ ತಪ್ಪು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಂಪನಿ ಹೇಳಿದ ಅಳತೆಯೇ ಅಳತೆ.

ಇದರಲ್ಲೇ ಇನ್ನೊಂದು ಗೊಂದಲ ಇದೆ. ಹೋಂಡಾ ಜಿಎಕ್ಸ್35ನಂಥ ಸಣ್ಣ ಎಂಜಿನ್ ಬೆನ್ನಿಗೆ ಹಾಕುವಷ್ಟು ಹಗುರ, ಆದರೆ ಅದು ಫೋರ್ ಸ್ಟ್ರೋಕ್. ಅದಕ್ಕೆ ಪೆಟ್ರೋಲ್‌ನಲ್ಲಿ ಆಯಿಲ್ ಬೆರೆಸಬಾರದು. ಬಾಡಿಗೆ ಮಷಿನ್ ತಂದಾಗ ಆಳುಗಳಿಗೆ ಇದನ್ನು ಹೇಳಿಯೇ ಕೊಡಿ.

ಫೋರ್ ಸ್ಟ್ರೋಕ್ ವೀಡರ್, ನೀರಿನ ಪಂಪು: ಇಲ್ಲಿ ತೊಳೆಯುವುದಕ್ಕೆ ಅರ್ಥ ಇದೆ. ಹೋಂಡಾ ಜಿಎಕ್ಸ್160ಕ್ಕೆ 100 ಗಂಟೆಗೆ ಅಥವಾ 6 ತಿಂಗಳಿಗೊಮ್ಮೆ ಪ್ಲಗ್ ನೋಡಿ ಸಂದಿ ಸರಿ ಮಾಡಿ, 300 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಲೆಕ್ಕ. ನಡುವೆ ಒಣ ಮಸಿ ಹಿಡಿದರೆ ತೊಳೆದು ಹಾಕಿ, ಜೊತೆಗೆ ಗಾಳಿ ಫಿಲ್ಟರ್ ತೆಗೆದು ನೋಡಿ. ಎರೆಮಣ್ಣಿನ ಬೇಸಿಗೆ ಧೂಳು ಫಿಲ್ಟರ್ ಸ್ಪಂಜಿನ ಒಳಗೇ ಇಳಿದಿರುತ್ತದೆ. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್‌ನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಹಾಕಿ. ಫಿಲ್ಟರ್ ಬಿಟ್ಟು ಪ್ಲಗ್ ಮಾತ್ರ ಬದಲಿಸಿದವರ ಹೊಸ ಪ್ಲಗ್ ಕೂಡ ಸ್ವಲ್ಪ ದಿನಕ್ಕೆ ಅದೇ ಬಣ್ಣಕ್ಕೆ ತಿರುಗುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎಣ್ಣೆ ಜಿಡ್ಡು ಬಂತೆಂದರೆ ವಿಷಯ ಗಂಭೀರ: ಆಯಿಲ್ ಮಟ್ಟ ಜಾಸ್ತಿ ತುಂಬಿದೆ, ಇಲ್ಲವೇ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಆಗ ಹೊಸ ಪ್ಲಗ್ ಬರೀ ದಿನ ದೂಡುತ್ತದೆ.

ಜನರೇಟರ್: ಒಂದೆರಡು ಬಲ್ಬ್, ಒಂದು ಫ್ಯಾನ್‌ಗೆ ತಾಸುಗಟ್ಟಲೆ ಓಡಿಸಿದರೆ ಮಸಿ ಹಿಡಿಯುತ್ತದೆ. ಎಂಜಿನ್ ಬಿಸಿಯೇ ಏರಿರುವುದಿಲ್ಲ. ತೊಳೆದು ಹಾಕಿ, ಆಗಾಗ ಸ್ವಲ್ಪ ಹೊತ್ತು ಒಳ್ಳೆಯ ಲೋಡ್ ಕೊಡಿ.

ಪೆಟ್ರೋಲ್‌ನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಹಳೆಯ ಪಂಪ್‌ಸೆಟ್ ಕೆಲವರ ಬಾವಿಯ ಮೇಲೆ ಇನ್ನೂ ಇವೆ. ಬಂದ್ ಮಾಡುವ ಮೊದಲು ಕೆಲವು ನಿಮಿಷ ಮತ್ತೆ ಪೆಟ್ರೋಲ್ ಮೇಲೆ ಓಡಿಸಿ. ಇಲ್ಲದಿದ್ದರೆ ಮರುದಿನ ಕಾರ್ಬ್ಯುರೇಟರ್‌ನಲ್ಲಿ ಉಳಿದ ಸೀಮೆಎಣ್ಣೆ ತಣ್ಣನೆಯ ಪ್ಲಗ್ಗನ್ನು ತೊಯಿಸುತ್ತದೆ.

ಪೆಟ್ರೋಲ್ ಬಗ್ಗೆ ಒಂದು ಮಾತು. 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಆಯಿತು, ಈಗ ಎಲ್ಲ ಕಡೆ ಸಿಗುವುದು ಅದೇ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳೂ ಎಥನಾಲ್ ತಯಾರಿಸುತ್ತವೆ, ಅಂದರೆ ನಮ್ಮ ಕಬ್ಬೇ ಸುತ್ತಿ ಬಂದು ನಮ್ಮ ಟ್ಯಾಂಕ್ ಸೇರುತ್ತಿದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕ್‌ನ ತಳದಲ್ಲಿ ಬೇರೆಯಾಗಿ ನಿಲ್ಲುತ್ತವೆ. ಹಾಗಾಗಿ ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದು ಮುಗಿಯುವವರೆಗೆ ಓಡಿಸಿ ಇಡಿ. ಅಕ್ಟೋಬರ್ ಚಾಟ್ನಿ (ದ್ರಾಕ್ಷಿ ಬಳ್ಳಿ ಸವರುವ) ಹೊತ್ತಿಗೆ ಪಂಪು ಹೊರತೆಗೆದಾಗ ತಿಂಗಳುಗಟ್ಟಲೆ ಹಳೆಯ ಪೆಟ್ರೋಲ್ ಇಟ್ಟುಕೊಂಡು ಪ್ಲಗ್ಗನ್ನು ಬೈಯುವುದು ಸರಿಯಲ್ಲ.

ಹೊಸದು ತರುವಾಗ

ಅಂಗಡಿಯಲ್ಲಿ "ಇದರದ್ದೇ ಸೈಜ್" ಅಂತ ಕೊಡುವುದನ್ನು ಕಣ್ಣು ಮುಚ್ಚಿ ತರಬೇಡಿ. ಇಲ್ಲಿ ಎರಡು ಕಡೆ ಮೋಸ ಹೋಗುತ್ತೇವೆ.

ಮೊದಲನೆಯದು ಉದ್ದ. ಜಿಎಕ್ಸ್160ಕ್ಕೆ ಬರುವ ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ಪ್ಲಗ್‌ನ ಥ್ರೆಡ್ 14 ಮಿ.ಮೀ. ದಪ್ಪ, 19 ಮಿ.ಮೀ. ಉದ್ದ. ಬ್ರಷ್ ಕಟರ್‌ಗಳಲ್ಲಿ ಸಾಮಾನ್ಯವಾದ ಬಿಪಿಎಂಆರ್7ಎ ಕೂಡ 14 ಮಿ.ಮೀ. ದಪ್ಪವೇ, ಆದರೆ ಉದ್ದ 9.5 ಮಿ.ಮೀ. ಮಾತ್ರ. ದಪ್ಪ ಒಂದೇ ಆದ್ದರಿಂದ ಉದ್ದನೆಯದು ಗಿಡ್ಡ ಜಾಗಕ್ಕೂ ತಿರುಗಿಕೊಂಡು ಇಳಿಯುತ್ತದೆ. ಹಗ್ಗ ಎಳೆದ ಕೂಡಲೇ ಪಿಸ್ಟನ್ ಬಂದು ಗುದ್ದುತ್ತದೆ. ಹಳೆಯ ಪ್ಲಗ್ ಜೇಬಲ್ಲಿ ಇಟ್ಟುಕೊಂಡು ಹೋಗಿ, ಪಕ್ಕಪಕ್ಕ ಹಿಡಿದು ನೋಡಿ.

ಎರಡನೆಯದು ಬಿಸಿಯ ನಂಬರ್, ಅಂದರೆ ಓಡುವಾಗ ಪ್ಲಗ್ಗಿನ ಮೂಗು ಎಷ್ಟು ಬಿಸಿ ಇರುತ್ತದೆ ಅನ್ನುವ ಗುರುತು. ಎನ್‌ಜಿಕೆಯಲ್ಲಿ ನಂಬರ್ ಏರಿದಂತೆ ಪ್ಲಗ್ ತಣ್ಣಗೆ. ಬಾಷ್‌ನಲ್ಲಿ ಉಲ್ಟಾ, ನಂಬರ್ ಏರಿದಂತೆ ಬಿಸಿ. ಬೆಂಗಳೂರಲ್ಲಿ 1951ರಲ್ಲಿ ಶುರುವಾದ ಮೈಕೋ, 2008ರಿಂದ ಬಾಷ್ ಹೆಸರಿನಲ್ಲೇ ಇದೆ. ನಮ್ಮ ಹಿರಿಯ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಅದು ಮೈಕೋ ಪ್ಲಗ್ಗೇ. ಎನ್‌ಜಿಕೆ ಬಿಪಿಆರ್6ಇಎಸ್‌ಗೆ ಸರಿಸಾಟಿ ಬಾಷ್ ಡಬ್ಲ್ಯುಆರ್7ಡಿಸಿ. ಒಂದರಲ್ಲಿ 6, ಇನ್ನೊಂದರಲ್ಲಿ 7, ಎರಡೂ ಒಂದೇ ಕೆಲಸಕ್ಕೆ. ಹೀಗಿರುವಾಗ ನಂಬರ್ ಮಾತ್ರ ನೋಡಿ ಕಂಪನಿ ಬದಲಿಸಿದರೆ ಎಡವಟ್ಟು ಖಂಡಿತ.

ಮಸಿ ಹಿಡಿಯುತ್ತದೆ ಅಂತ ಒಂದು ನಂಬರ್ ಬಿಸಿ ಪ್ಲಗ್ ಹಾಕಿಸುವ ಸಲಹೆಯೂ ಕೇಳಿಬರುತ್ತದೆ. ಮಸಿ ಕಡಿಮೆ ಆಗುವುದು ನಿಜ. ಆದರೆ ನಮ್ಮ ಬೇಸಿಗೆಯಲ್ಲಿ ಪೂರ್ತಿ ಲೋಡ್ ಮೇಲೆ ಓಡುವಾಗ ಮೂಗು 800 ಡಿಗ್ರಿ ದಾಟಿದರೆ, ಕಿಡಿ ಬರುವ ಮೊದಲೇ ಅದು ಕೆಂಡವಾಗಿ ಪೆಟ್ರೋಲ್ ಹೊತ್ತಿಸುತ್ತದೆ. ಪಿಸ್ಟನ್ ತೂತು ಬೀಳುವುದು ಹೀಗೆ. ಪುಸ್ತಕದಲ್ಲಿ ಬರೆದ ನಂಬರ್ ಬಿಟ್ಟು ಹೋಗಬೇಡಿ. ಇರಿಡಿಯಂ ಸಣ್ಣ ಮಷಿನ್‌ಗೆ ಅಗತ್ಯ ಇಲ್ಲ. ಎಣ್ಣೆ ಬಿದ್ದರೆ ಅದೂ ಸಾಯುತ್ತದೆ, ದುಡ್ಡು ಮಾತ್ರ ಜಾಸ್ತಿ. ಹೆಸರಿನಲ್ಲಿ ಆರ್ ಇರುವ ಪ್ಲಗ್‌ಗೆ ಬದಲಾಗಿ ಆರ್ ಇಲ್ಲದ್ದು ಹಾಕಬೇಡಿ, ಅದು ಒಳಗಿನ ರೆಸಿಸ್ಟರ್‌ನ ಗುರುತು.

ಹಾಕುವ ಮೊದಲು ಸಂದಿ ನೋಡಿ. ಬ್ರಷ್ ಕಟರ್‌ಗೆ ಸಾಮಾನ್ಯವಾಗಿ 0.5 ಮಿ.ಮೀ., ಜಿಎಕ್ಸ್160ಕ್ಕೆ 0.7ರಿಂದ 0.8. ಫೀಲರ್ ಗೇಜ್ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡ್‌ನ ಹಲ್ಲಿಲ್ಲದ ಕಡೆ ಸುಮಾರು 0.65 ದಪ್ಪ ಇರುತ್ತದೆ. 0.5ರ ಸಂದಿಯಲ್ಲಿ ಅದು ತೂರಬಾರದು, 0.75ರಲ್ಲಿ ಸಡಿಲವಾಗಿ ಹೋಗಬೇಕು. ಬಗ್ಗಿಸುವುದು ಹೊರಗಿನ ಕೊಂಡಿಯನ್ನು ಮಾತ್ರ, ನಡುವಿನ ಕಡ್ಡಿಯನ್ನು ಒತ್ತಿದರೆ ಪಿಂಗಾಣಿ ಸೀಳುತ್ತದೆ.

ಪ್ಲಗ್ಗನ್ನು ಕೊನೆಯವರೆಗೂ ಬೆರಳಿನಿಂದಲೇ ತಿರುಗಿಸಿ. ಅರ್ಧದಲ್ಲೇ ಬಿಗಿ ಅನ್ನಿಸಿದರೆ ಥ್ರೆಡ್ ಅಡ್ಡ ಹಿಡಿದಿದೆ, ಹಿಂದೆ ತೆಗೆದು ಮತ್ತೆ ಶುರು ಮಾಡಿ. ಅಲ್ಯೂಮಿನಿಯಂ ಥ್ರೆಡ್ ಒಮ್ಮೆ ಹೋದರೆ ಲೇತ್‌ಗೆ ಒಯ್ದು ಬುಶ್ ಹಾಕಿಸಬೇಕು. ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶಕ್ಕೆ ಹತ್ತಿರ ಇರುವವರಿಗೆ ಅದು ಆಗುವ ಕೆಲಸ, ಉಳಿದವರಿಗೆ ಎರಡು ದಿನ ಕೆಲಸ ನಿಂತಂತೆ. ಬೆರಳಿಗೆ ಕೂತ ಮೇಲೆ ಹೊಸ ವಾಷರ್ ಇರುವ ಪ್ಲಗ್‌ಗೆ ಪಾನಾದಿಂದ ಅರ್ಧ ಸುತ್ತು. ತೊಳೆದ ಹಳೆಯ ಪ್ಲಗ್‌ಗೆ ಎಂಟನೇ ಒಂದು ಭಾಗ ಸಾಕು, ಅದರ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ.

ಡಬ್ಬಿಯಿಂದ ತೆಗೆಯುವಾಗ ಹೊಸ ಪ್ಲಗ್ ಕೈಜಾರಿ ಫರ್ಶಿ ನೆಲದ ಮೇಲೆ ಬಿದ್ದರೆ ಅದನ್ನು ಹಾಕಬೇಡಿ. ಹೊರಗಿನಿಂದ ಚಲೋ ಕಂಡರೂ ಒಳಗಿನ ಪಿಂಗಾಣಿ ಸೀಳಿರಬಹುದು. ತೊಳೆದಿಟ್ಟ ಹಳೆಯದೇ ಆ ಹೊತ್ತಿಗೆ ಅದಕ್ಕಿಂತ ಮೇಲು.